ಚಿತ್ರವೂ ಒಂದು ಅಮಾನತ್ತು

ಓದುಗರೇ, ದಾಂಡೇಲಿಯ ಕಾಳಿ ನದಿಯ ದಂಡೆಯಲ್ಲಿ ನಿಮ್ಮ ಮಕ್ಕಳ ಮತ್ತು ನೆರೆಮನೆಯ ಮಕ್ಕಳ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕುತ್ತೀರಿ. ನೆಂಟರಿಗೆ ಅದು ಬರೀ ನೆನಪು. ಕಂಪೆನಿಗೆ ಹಾಗಲ್ಲ. ಊರು, ದಿನ, ಜೊತೆಗೆ ಹೆಸರಿಸಿದವರು, ನೀವು ಮೆಚ್ಚಿದ ಪುಟಗಳು ಇವನ್ನೆಲ್ಲ ಜೋಡಿಸಿ, ಯಾವ ಜಾಹೀರಾತನ್ನು ನಿಮ್ಮ ಮುಂದಿಡಬೇಕೆಂದು ಅದು ಲೆಕ್ಕ ಹಾಕುತ್ತದೆ. ಬಳಕೆಗೆ ಹಣ ಕೇಳದವರ ಮುಖ್ಯ ಗಳಿಕೆ ಜಾಹೀರಾತೇ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ನೆರೆಮನೆಯ ಮಗುವಿಗೂ ಇದೆ. ಪರರ ಮನೆಯೊಳಗೆ ಅನುಮತಿಯಿಲ್ಲದೆ ಕಾಲಿಡಬಾರದೆಂದು ಬಲ್ಲ ನಾವು, ಅವರ ಮಕ್ಕಳ ಮುಖವನ್ನು ಸಂತೆಗೆ ಇಡುವಾಗ ಕೇಳಬೇಡವೇ? ಅದು ನಮ್ಮ ಕೈಗೆ ಬಂದ ಅಮಾನತ್ತು. ಮೊದಲು ಕೇಳಿರಿ, ಒಪ್ಪದಿದ್ದರೆ ಬಿಟ್ಟುಬಿಡಿರಿ.