ಕೆಲಸ ಬಿಟ್ಟ ಮೇಲಿನ ಸೋಮವಾರ

ಈ ಪಾಠಕ್ಕೆ ನಿಮಗೆ ಹಣಕಾಸಿನ ಪರಿಣತಿ ಬೇಕಿಲ್ಲ. ಕುತೂಹಲವಿದ್ದರೆ ಸಾಕು. ಮೊದಲು ಒಂದು ಪದವನ್ನು ತಿಳಿದುಕೊಳ್ಳೋಣ. ನಿಮ್ಮ ಉಳಿತಾಯ, ಹೂಡಿಕೆಗಳಿಂದಲೇ ಮನೆ ನಡೆಯುತ್ತದೆ, ಸಂಬಳಕ್ಕಾಗಿ ದುಡಿಯಲೇಬೇಕಾಗಿಲ್ಲ ಎನ್ನುವ ಸ್ಥಿತಿಯನ್ನು ಆರ್ಥಿಕ ಸ್ವಾತಂತ್ರ್ಯ ಎನ್ನುತ್ತಾರೆ. ಇದಕ್ಕೊಂದು ಸ್ಥೂಲ ಅಳತೆಯೂ ಉಂಟು. ತಿಂಗಳ ಖರ್ಚು 60,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 7.2 ಲಕ್ಷ ಆಯಿತು. ಅದರ 25 ಪಟ್ಟು, ಅಂದರೆ 1.8 ಕೋಟಿ ಕೂಡಿಟ್ಟಿದ್ದರೆ, ಮೊದಲ ವರ್ಷ ಅದರಲ್ಲಿ ಶೇ. 4ರಷ್ಟು ತೆಗೆದು, ಮುಂದೆ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋಗಬಹುದು. ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಅಲ್ಲಿನ ಮಾರುಕಟ್ಟೆಯ ಹಳೆಯ ಅಂಕಿಅಂಶ ಹಿಡಿದು, 30 ವರ್ಷದ ನಿವೃತ್ತಿಗೆಂದು ಹಾಕಿದ ಲೆಕ್ಕದಿಂದ ಬಂದ ಅಳತೆ ಇದು. ನೀವು 45ಕ್ಕೇ ಕೆಲಸ ಬಿಡುವವರಾದರೆ ಆ 30 ವರ್ಷ ಸಾಲದು. ನಮ್ಮಲ್ಲಿನ ಬೆಲೆಯೇರಿಕೆಯ ಗತಿಯೂ ಬೇರೆ. ಹಾಗಾಗಿ ಕೈಯಲ್ಲಿ ಇನ್ನಷ್ಟು ಇರಬೇಕು. ಲೆಕ್ಕದ ಮಾತು ಇಷ್ಟು ಸಾಕು, ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಇಷ್ಟವಾದ ಪಾಠ ಶುರುವಾಗುವುದು ಈ ಲೆಕ್ಕ ಮುಗಿದ ಮೇಲೆ.

ಕೆಲಸ ಬಿಟ್ಟ ಮೊದಲ ತಿಂಗಳು ಹಾಯಾಗಿ ಕಳೆಯುತ್ತದೆ. ತಡವಾಗಿ ಏಳುತ್ತೀರಿ, ಧರ್ಮಸ್ಥಳ, ಕುಕ್ಕೆ ಮುಗಿಸಿ ಬರುತ್ತೀರಿ, ಅಟ್ಟದ ಮೇಲಿನ ಸಾಮಾನು ಇಳಿಸಿ ಜೋಡಿಸುತ್ತೀರಿ. ಮೂರನೆಯ ತಿಂಗಳ ಹೊತ್ತಿಗೆ ಅಡುಗೆಮನೆಗೆ ಹೋಗಿ, ಸಾಸಿವೆ ಡಬ್ಬಿ ಎಲ್ಲಿರಬೇಕು ಎಂದು ಸಲಹೆ ಕೊಡತೊಡಗುತ್ತೀರಿ. ಮನೆಯವರ ಮುಖ ಏನಾಗುತ್ತದೆಂದು ನಾನು ಹೇಳಬೇಕಿಲ್ಲ! ಹೀಗೇಕಾಗುತ್ತದೆ ಎನ್ನುವುದನ್ನು ನಿಧಾನವಾಗಿ ನೋಡೋಣ.

ಅದಕ್ಕೆ ಒಂದು ಊರಿನ ಕಥೆ ಕೇಳಿ. ವಿಯೆನ್ನಾ ನಗರಕ್ಕೆ ಹತ್ತಿರದಲ್ಲಿ ಮಾರಿಯೆಂಟಾಲ್ ಎಂಬ ಊರಿದೆ. ಒಂದು ಬಟ್ಟೆ ಗಿರಣಿಯನ್ನೇ ನಂಬಿ ಬದುಕಿದ್ದ ಊರು ಅದು. 1930ರ ಹೊತ್ತಿಗೆ ಗಿರಣಿ ಮುಚ್ಚಿ, ಹೆಚ್ಚುಕಡಿಮೆ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಸಮಾಜ ಮನೋವಿಜ್ಞಾನಿ ಮರಿ ಯಹೋದಾ ಮತ್ತು ಅವರ ಸಂಗಡಿಗರು ಅಲ್ಲಿಗೆ ಹೋಗಿ, ಜನ ದಿನ ಕಳೆಯುವ ರೀತಿಯನ್ನು ಗಮನಿಸಿ, 1933ರಲ್ಲಿ ಒಂದು ಪುಸ್ತಕ ತಂದರು. ಊರಿನ ಗ್ರಂಥಾಲಯ ಶುಲ್ಕವನ್ನೇ ತೆಗೆದುಹಾಕಿತ್ತು. ಓದಲು ಎಲ್ಲರಿಗೂ ಹೊತ್ತೇ ಹೊತ್ತು. ಆದರೂ ಮನೆಗೆ ಪುಸ್ತಕ ಒಯ್ಯುವವರು ಕಡಿಮೆಯಾದರು! ಸಂಶೋಧಕರು ಕಿಟಕಿಯ ಬಳಿ ಗಡಿಯಾರ ಹಿಡಿದು ನಿಂತು, ಬೀದಿಯಲ್ಲಿ ನಡೆಯುವವರ ವೇಗ ಅಳೆದರು. ಗಂಡಸರು ಕಾಲೆಳೆಯುತ್ತ, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತ ಹೋಗುತ್ತಿದ್ದರು. ಒಲೆ, ಮಕ್ಕಳು, ಬಟ್ಟೆ ಎಂದು ಕೆಲಸ ತಪ್ಪದ ಹೆಂಗಸರ ನಡಿಗೆ ಚುರುಕಾಗಿತ್ತು.

ಆ ಊರಿನವರು ಹಸಿದಿದ್ದರು, ನಾಳೆಯ ಭಯದಲ್ಲಿದ್ದರು. ನಿಮಗೆ ಆ ಚಿಂತೆ ಇಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಯಹೋದಾ ಮುಂದೆ ಬರೆದ ಒಂದು ವಿಚಾರ ನಿಮಗೂ ಸಲ್ಲುತ್ತದೆ. ಕೆಲಸವೆಂಬುದು ಸಂಬಳದ ಜೊತೆಗೆ ಇನ್ನೂ ಐದನ್ನು ಕೇಳದೆಯೇ ಕೊಡುತ್ತಿರುತ್ತದೆ: ದಿನಕ್ಕೊಂದು ವೇಳಾಪಟ್ಟಿ, ಮನೆಯಾಚೆಯ ಜನರ ಒಡನಾಟ, ಹತ್ತು ಜನ ಸೇರಿ ಮಾಡುವ ಕಾರ್ಯದಲ್ಲಿ ಪಾಲು, ಸಮಾಜದಲ್ಲೊಂದು ಗುರುತು, ತಪ್ಪದೆ ನಡೆಯುವ ಚಟುವಟಿಕೆ. ನಿಮ್ಮ 1.8 ಕೋಟಿ ಇವುಗಳಲ್ಲಿ ಒಂದನ್ನೂ ತಾನಾಗಿ ತಂದುಕೊಡುವುದಿಲ್ಲ. ಕೈಯಾರೆ ಕಟ್ಟಿಕೊಳ್ಳಬೇಕು. ಖುಷಿ ಎಲ್ಲಿದೆ ಎಂದು ಹುಡುಕುವುದನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ಇವುಗಳತ್ತ ಗಮನ ಕೊಡಿ ಎಂದೇ ನಾನು ಹೇಳುವುದು.

ಹೀಗೆ ಕಟ್ಟಿಕೊಂಡವರಲ್ಲಿ ಕನ್ನಡದ ಕಥೆಗಾರ ಮಾಸ್ತಿಯವರನ್ನು ನೋಡಿ. ಅವರದು ಕೋಟಿಯ ಲೆಕ್ಕವಲ್ಲ. ಮೈಸೂರು ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದವರು, ತಮಗೆ ಸಲ್ಲಬೇಕಿದ್ದ ಮಂತ್ರಿ ಪದವಿ ತಪ್ಪಿದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಆಮೇಲೆ ನಾಲ್ಕು ದಶಕ ಬದುಕಿದರು. ‘ಜೀವನ’ ಮಾಸಪತ್ರಿಕೆಯನ್ನು ಬಹುಕಾಲ ನಡೆಸಿದರು. ‘ಚಿಕವೀರ ರಾಜೇಂದ್ರ’ ಕಾದಂಬರಿ ಬಂದದ್ದು 1956ರಲ್ಲಿ. ಮಾಸಪತ್ರಿಕೆ ಎಂದರೆ ತಿಂಗಳು ತಿಂಗಳೂ ತಪ್ಪಿಸಲಾಗದ ತಾರೀಖು, ಲೇಖಕರ ಕಾಗದ, ಅಚ್ಚಿನ ಕರಡು. ಸಂಜೆಗೆ ಬಸವನಗುಡಿಯ ಕ್ಲಬ್ಬಿನಲ್ಲಿ ಗೆಳೆಯರೊಡನೆ ಇಸ್ಪೀಟು. ಆ ಇಸ್ಪೀಟಿಗೆ ನಾನು ಕಾದಂಬರಿಯಷ್ಟೇ ಬೆಲೆ ಕೊಡುತ್ತೇನೆ. ಇನ್ನೊಂದನ್ನೂ ಗಮನಿಸಿ: ಅವರ ಕಥೆಗಳು ಪುಸ್ತಕವಾಗಿ ಬಂದದ್ದು 1920ರಲ್ಲೇ. ಕೆಲಸ ಬಿಟ್ಟ ಮರುದಿನ ಪೆನ್ನು ಹಿಡಿದವರಲ್ಲ. ಆದ್ದರಿಂದ ನೀವಿನ್ನೂ ನೌಕರಿಯಲ್ಲಿದ್ದರೆ ಈಗಲೇ ಆರಂಭಿಸಿ.

ಎಲ್ಲಿಂದ ಎಂದು ಕೇಳುತ್ತೀರಾ? ಚಿಕ್ಕದರಿಂದ. ನಿಮ್ಮ ಬೀದಿಯ ಒಂದು ಹೊಂಗೆ ಮರವನ್ನು ಆರಿಸಿಕೊಳ್ಳಿ. ವಾರಕ್ಕೊಮ್ಮೆ, ಗೊತ್ತಾದ ದಿನ, ಅದರ ಕೆಳಗೆ ಐದು ನಿಮಿಷ ನಿಂತು ಮೂರು ಸಂಗತಿ ನೋಡಿ: ಚಿಗುರು, ಹೂ, ಕಾಯಿ. ಒಂದೊಂದರ ಮುಂದೆ ‘ಇಲ್ಲ’, ‘ಕೆಲವು’, ‘ಹಲವು’ ಎಂದು ಬರೆಯಿರಿ. ಯುಗಾದಿಯ ಆಸುಪಾಸಿನಲ್ಲಿ ಎಲೆಯೆಲ್ಲ ಉದುರಿದ ಕೊಂಬೆಗಳಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಎಳೆಯ ಎಲೆಗಳು ಬರುತ್ತವೆ. ಬೇಸಿಗೆಯಲ್ಲಿ ನಸುನೇರಳೆ ಬೆರೆತ ಬಿಳಿ ಹೂಗಳು ನಿಲ್ಲಿಸಿದ ಕಾರುಗಳ ಮೇಲೆ ಉದುರಿರುತ್ತವೆ. ಋತುವಿಗೆ ತಕ್ಕಂತೆ ಗಿಡಮರಗಳಲ್ಲಾಗುವ ಇಂಥ ಬದಲಾವಣೆಗಳ ಅಧ್ಯಯನವನ್ನು ಫೀನಾಲಜಿ ಎನ್ನುತ್ತಾರೆ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಅನೇಕ ಕಡೆಯ ಶಾಲಾಮಕ್ಕಳೂ ದೊಡ್ಡವರೂ ಹೀಗೇ ವಾರವಾರ ಬರೆದು ಕಳಿಸುತ್ತಾರೆ, ನೀವೂ ಸೇರಬಹುದು. ಐದರಲ್ಲಿ ಎರಡು, ವೇಳಾಪಟ್ಟಿಯೂ ಹತ್ತು ಜನರ ಕಾರ್ಯದಲ್ಲಿ ಪಾಲೂ, ಇಲ್ಲೇ ಸಿಕ್ಕವು.

ಮರವೇನೋ ಆಯಿತು, ಆದರೆ ಅದು ಮಾತಾಡುವುದಿಲ್ಲ. ಒಡನಾಟಕ್ಕೆ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ. ದಿನಾ ಬರುತ್ತೇನೆ ಎಂದು ಮಾತು ಕೊಡಬೇಡಿ. ಹೊಸಬರೆಲ್ಲ ಉತ್ಸಾಹದಲ್ಲಿ ಹಾಗೆ ಹೇಳಿ, ದಸರಾ ರಜೆಯ ನಂತರ ಕಾಣೆಯಾಗುತ್ತಾರೆ. ಶನಿವಾರ ಬೆಳಗಿನ ಶಾಲೆ ಇರುತ್ತದೆ. ಆವತ್ತು ನಾಲ್ಕನೆಯ ತರಗತಿಯವರಿಗೆ ಕಥೆ ಓದಿ ಹೇಳಲು ಒಂದೇ ಒಂದು ಪೀರಿಯಡ್ ಕೇಳಿ, ವರ್ಷವಿಡೀ ಬರುತ್ತೇನೆಂದು ಹೇಳಿ. ಜೂನ್‌ನಲ್ಲಿ ವೇಳಾಪಟ್ಟಿ ಹಾಕುವ ಮೊದಲೇ ಹೋದರೆ ಅವರಿಗೂ ಅನುಕೂಲ.