ಸಿಸ್ಟಮ್ ತಗೋತಿಲ್ಲ

ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ಒಂದೇ ಉಸಿರಿಗೆ ಹೇಳಿದ್ದನ್ನು ನಿಮ್ಮಮ್ಮ ಅರ್ಧಂಬರ್ಧ ಕೇಳಿಸಿಕೊಂಡು ಗಾಬರಿಯಾಗಿದ್ದಾಳೆ. “ಅಣ್ಣಾ, ಓದೋಕೆ ಕಳಿಸಿದ್ರೆ ಅದೇನೋ ಸಂಘ ಸೇರ್ಕೊಂಡಿದಾಳೆ” ಅಂತ ನನ್ನ ಹತ್ತಿರ ದೂರು. ನಿಮ್ಮ ಎಂಐಟಿಯಲ್ಲೂ ಪಕ್ಕದ ಹಾರ್ವರ್ಡಿನಲ್ಲೂ ಎಐ ಸುರಕ್ಷತೆಗೆಂದೇ ವಿದ್ಯಾರ್ಥಿಗಳ ಗುಂಪುಗಳಿವೆ, ವಾರವಾರ ಕೂತು ಓದುತ್ತಾರೆ, ವಾದ ಮಾಡುತ್ತಾರೆ ಎಂದು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ತಣ್ಣಗಾದಳು. ಸೇರಿದ್ದು ಒಳ್ಳೆಯದೇ. ಆದರೆ ಕಾನೂನು, ನೀತಿಯ ಕಡೆ ಹೊರಳುತ್ತೇನೆ ಎಂದೆಯಲ್ಲ, ಅದಕ್ಕೆ ಈ ಪತ್ರ. ನಿನ್ನ ಎಐ ನನಗೆ ತಿಳಿಯದು. ಸರ್ಕಾರದಲ್ಲಿ ಮೂವತ್ತೊಂದು ವರ್ಷ ಕಡತ ತಿರುವಿದವನಿಗೆ ಕಡತ ಮಾತ್ರ ಗೊತ್ತು.

ಒಮ್ಮೆ ಒಂದು ಕಚೇರಿಗೆ ತಪಾಸಣೆಗೆ ಹೋಗಿದ್ದೆ. ಕೌಂಟರಿನ ಮುಂದೆ ಒಬ್ಬ ಅಜ್ಜಿ. ಐದು ತಿಂಗಳಿಂದ ಪಿಂಚಣಿ ಬಂದಿಲ್ಲ. ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ‘ಮರಣ’ ಎಂದಿತ್ತು. “ಸಿಸ್ಟಮ್ ತಗೋತಿಲ್ಲ ಅಜ್ಜಿ” ಎಂದ ಗುಮಾಸ್ತ. ಆಕೆ ಕಿಟಕಿಯ ತೂತಿನೊಳಗೆ ಕೈ ತೂರಿಸಿ, “ಮುಟ್ಟಿ ನೋಡಪ್ಪ, ಬೆಚ್ಚಗಿದೀನಿ” ಎಂದಳು. ಅವನು ಕೆಟ್ಟವನೇನಲ್ಲ, ಎದ್ದು ಬಂದು ಕುರ್ಚಿ ಕೊಟ್ಟ, ನೀರು ಕೊಟ್ಟ. ಸತ್ತವರನ್ನು ಬದುಕಿಸುವ ಗುಂಡಿ ಅವನ ಪರದೆಯ ಮೇಲೆ ಇರಲಿಲ್ಲ, ಅಷ್ಟೆ. ಆ ಪಟ್ಟಿಯ ಸುತ್ತೋಲೆಗೆ ಕರಡು ಬರೆದ ನಾಲ್ವರಲ್ಲಿ ನಾನೂ ಒಬ್ಬ, ಪುಟ್ಟಿ. ಹೆಸರು ತೆಗೆಯುವ ವಿಧಾನಕ್ಕೆ ಒಂದೂವರೆ ಪುಟ ಬರೆದಿದ್ದೆವು. ತಪ್ಪಾಗಿ ತೆಗೆದದ್ದನ್ನು ಮರಳಿ ಸೇರಿಸುವುದು ಹೇಗೆ, ಯಾರ ಸಹಿ ಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ನಮಗೆ ಹೊಳೆದೇ ಇರಲಿಲ್ಲ.

ಕರಡಿನ ಒಂದೊಂದು ಸಾಲಿಗೂ ಇಷ್ಟು ತೂಕ. ಎಐ ಸುರಕ್ಷತೆಗೆಂದು ಬಂದ ಕ್ಯಾಲಿಫೋರ್ನಿಯಾದ ಎಸ್‌ಬಿ 1047 ಮಸೂದೆಯನ್ನು ನಿಮ್ಮ ಗುಂಪಿನಲ್ಲಿ ಓದಿಯೇ ಇರುತ್ತೀರಿ. ಸೆನೆಟರ್ ಸ್ಕಾಟ್ ವೀನರ್ ತಂದದ್ದು. ಎರಡೂ ಸದನ ದಾಟಿದ ಮೇಲೆ 2024ರ ಸೆಪ್ಟೆಂಬರ್ 29ರಂದು ಗವರ್ನರ್ ನ್ಯೂಸಮ್ ತಡೆಹಿಡಿದರು. ಮಸೂದೆಯನ್ನು ಓದಿದಷ್ಟೇ ಶ್ರದ್ಧೆಯಿಂದ ಅವರು ಬರೆದ ನಿರಾಕರಣೆಯ ಪತ್ರವನ್ನೂ ಓದು. ಮಾದರಿ ಎಷ್ಟು ದೊಡ್ಡದು, ಎಷ್ಟು ಖರ್ಚಿನದು ಎಂದಷ್ಟೇ ಅಳೆದರೆ ಸಾಲದು, ಅದನ್ನು ಎಲ್ಲಿ ಬಳಸುತ್ತಾರೆ ನೋಡಬೇಕು ಎಂಬ ಮಾತು ಅದರಲ್ಲಿದೆ. ನೀನು ಒಪ್ಪಬೇಕೆಂದಿಲ್ಲ. ಆಮೇಲೆ ತಜ್ಞರ ತಂಡ ಕೂತಿತು, ವರದಿ ಬಂತು. ಸರಿಯಾಗಿ ವರ್ಷ ತುಂಬಿದ ದಿನವೇ ಅದೇ ವೀನರ್ ತಂದ ಎಸ್‌ಬಿ 53ಕ್ಕೆ ಅದೇ ಗವರ್ನರ್ ಅಂಕಿತ ಹಾಕಿದರು. ದೊಡ್ಡ ಕಂಪನಿಗಳು ತಮ್ಮ ಸುರಕ್ಷತಾ ಕ್ರಮಗಳನ್ನು ಪ್ರಕಟಿಸಬೇಕು, ಗಂಭೀರ ಅವಘಡವಾದರೆ ರಾಜ್ಯಕ್ಕೆ ತಿಳಿಸಬೇಕು, ಒಳಗಿನ ಅಪಾಯ ಬಾಯಿಬಿಟ್ಟ ನೌಕರನಿಗೆ ರಕ್ಷಣೆ. ಮೊದಲಿನದಕ್ಕಿಂತ ಮೆತ್ತಗಿನ ಕಾನೂನು ನಿಜ. ಆದರೆ ಆ ಒಂದು ವರ್ಷದಲ್ಲಿ ಕರಡಿನ ಯಾವ ಸಾಲು ಬಿತ್ತು, ಯಾವುದು ಉಳಿಯಿತು, ಯಾರು ಹಟ ಬಿಟ್ಟರು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಗುರುತು ಹಾಕಿಕೊಂಡು ಓದಿದರೆ, ನಮ್ಮ ಕಸುಬಿನ ಮುಕ್ಕಾಲು ಪಾಲು ಕಲಿತಂತೆ.

ಇನ್ನೊಂದು, ಸ್ವಲ್ಪ ಕಹಿ. ನಿನ್ನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಅಮೆರಿಕದ ಕೇಂದ್ರ ಸರ್ಕಾರದ ಹುದ್ದೆಗಳು ಬಹುಪಾಲು ಅಲ್ಲಿನ ನಾಗರಿಕರಿಗೇ. ವಾಷಿಂಗ್ಟನ್ನಿನ ಕನಸು ಹಂಚುವ ಗೆಳೆಯರು ಇದನ್ನು ಹೇಳದಿರಬಹುದು, ಅವರಿಗೆ ಆ ತೊಡಕಿಲ್ಲವಲ್ಲ. ಇಲ್ಲಿಯೂ ಬಾಗಿಲು ತೆರೆಯುತ್ತಿದೆ. ಎಐ ಸುರಕ್ಷತೆಯ ಕುರಿತ 2023ರ ಬ್ಲೆಚ್ಲಿ ಘೋಷಣೆಗೆ ಭಾರತವೂ ಸೇರಿದೆ. ನಮ್ಮದೇ ಎಐ ಸುರಕ್ಷತಾ ಸಂಸ್ಥೆಯ ಘೋಷಣೆ 2025ರ ಜನವರಿಯಲ್ಲಿ ಆಯಿತು. ಎಲ್ಲಿಗೇ ಹೋಗು, ಡಿಗ್ರಿ ಮುಗಿಸಿ ಹೋಗು. ಕೋಡ್ ಬರೆಯಬಲ್ಲವರು ಕರಡು ಬರೆಯುವ ಕೋಣೆಯಲ್ಲಿ ಕಡಿಮೆ, ಬೆಲೆ ಇರುವುದೇ ಅದಕ್ಕೆ. ಸಂಘದ ಹೊರಗೂ ನಾಲ್ಕು ಸ್ನೇಹ ಇಟ್ಟುಕೋ, ನಿಮ್ಮ ಭಯವನ್ನು ಕೇಳಿ ನಗುವವನೂ ಅವರಲ್ಲಿ ಒಬ್ಬನಿರಲಿ.

ಡಿಸೆಂಬರ್ ರಜೆಗೆ ಬರುತ್ತೀಯಲ್ಲ, ಒಂದು ವಾರ ನನಗೆ ಕೊಡು. ನಮ್ಮ ಹೋಬಳಿಯ ನಾಡಕಚೇರಿಯಲ್ಲಿ ಕಿಟಕಿ ಪಕ್ಕ ಒಂದು ಬೆಂಚಿದೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ಕೂರೋಣ, ಬುತ್ತಿ ನಿಮ್ಮತ್ತೆ ಕಟ್ಟಿಕೊಡುತ್ತಾಳೆ.

ನಿನ್ನ ಮಾವ