ಚಾಲಗೇಣಿಯ ಮನೆಗಳು

ಮೂಡುಬಿದಿರೆ ಬಳಿಯ ನಮ್ಮ ಶಿರ್ತಾಡಿ ಕಡೆಯ ಹಳಬರ ಬಾಯಲ್ಲಿ ಈಗಲೂ ಎರಡು ಮಾತು ಉಳಿದಿವೆ: ಮೂಲಗೇಣಿ, ಚಾಲಗೇಣಿ. ಮೂಲಗೇಣಿಯ ಒಕ್ಕಲಿಗೆ ಗೇಣಿ ಒಮ್ಮೆ ನಿಗದಿಯಾದರೆ ಮಕ್ಕಳ ಕಾಲಕ್ಕೂ ಅಷ್ಟೇ. ಚಾಲಗೇಣಿಯವರು ಧಣಿ ಏರಿಸಿದಷ್ಟು ಅಳೆಯಬೇಕು, ಆಗದಿದ್ದರೆ ಜಾಗ ಬಿಡಬೇಕು. ನನ್ನಜ್ಜ ಚಾಲಗೇಣಿಯವರು. 1974ರ ಭೂಸುಧಾರಣೆಯ ನಂತರ ಒಕ್ಕಲು ತಾವೆಂದು ಡಿಕ್ಲರೇಶನ್ ಕೊಟ್ಟು ಜಾಗ ಸ್ವಂತವಾದಾಗ ಅಜ್ಜಿ ಮೊದಲು ಮಾಡಿದ ಕೆಲಸ ಅಂಗಳದ ಬದಿಯಲ್ಲಿ ಹಲಸಿನ ಗಿಡ ನೆಟ್ಟದ್ದು. ಅಲ್ಲಿಯವರೆಗೆ ಬಸಳೆ, ಅಲಸಂಡೆ ಬಿಟ್ಟು ಬೇರೇನೂ ನೆಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲವಂತೆ.

ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಕಳೆದು, ಐದು ಬಾಡಿಗೆ ಮನೆ ಕಂಡ ಮೇಲೆ ಅಜ್ಜಿಯ ಆ ಹಿಂಜರಿಕೆ ನನಗೆ ಅರ್ಥವಾಯಿತು.

ಬಾಡಿಗೆ ಏರಿಕೆಯ ಮೊದಲ ಪೆಟ್ಟು ಬಿದ್ದದ್ದು ಯಲಚೇನಹಳ್ಳಿಯಲ್ಲಿ. 2016ರಲ್ಲಿ 11,000 ರೂಪಾಯಿಗೆ ಮನೆ ಹಿಡಿದಾಗ ಕನಕಪುರ ರಸ್ತೆಯ ಮೆಟ್ರೊ ಕಂಬಗಳನ್ನು ನೋಡಿ ಖುಷಿಪಟ್ಟಿದ್ದೆ, ಇನ್ನು ಆಫೀಸಿಗೆ ಹೋಗುವುದು ಸಲೀಸು ಎಂದು. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಅಲ್ಲಿಯವರೆಗೆ ಬಂತು. ಕರಾರು ಮುಗಿದ ತಿಂಗಳು ಮಾಲೀಕರು 14,500 ಕೇಳಿದರು. "ಮೆಟ್ರೊ ಬಂತಲ್ಲಮ್ಮ" ಎಂದರು, ಅಷ್ಟೇ. ಕರಾರು ಪತ್ರ ತೆಗೆದು ನೋಡಿದರೆ ಏರಿಕೆಯ ವಿಷಯದಲ್ಲಿ ಒಂದು ಸಾಲೂ ಇರಲಿಲ್ಲ. ಓದದೆ ಸಹಿ ಹಾಕಿದ್ದು ನಾನೇ.

ಎರಡನೆಯದು ಇನ್ನೂ ಜೋರಾಗಿತ್ತು. ಕೋವಿಡ್ ಮುಗಿದು ಕಂಪನಿಗಳು ಜನರನ್ನು ಆಫೀಸಿಗೆ ವಾಪಸು ಕರೆದಾಗ ಊರಿಡೀ ಬಾಡಿಗೆ ಏರಿತು. ಆಗ ನಾನಿದ್ದದ್ದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ಒಂದೊಂದು ಫ್ಲ್ಯಾಟಿಗೂ ಒಬ್ಬೊಬ್ಬ ಮಾಲೀಕರು. ನಮ್ಮವರು ಬ್ಯಾಂಕ್ ಸಾಲದ ಕಂತು ಕಟ್ಟುತ್ತಿದ್ದರು. ಪಕ್ಕದ ಫ್ಲ್ಯಾಟಿಗೆ ಹೊಸಬರು ಎಷ್ಟು ಕೊಟ್ಟರೋ ನಮಗೂ ಅಷ್ಟೇ ಎಂದರು: 2023ರ ಏಪ್ರಿಲ್‌ನಲ್ಲಿ 18,000 ಇದ್ದದ್ದು 24,000. ರಾತ್ರಿ ಕೂತು ಲೆಕ್ಕ ಹಾಕಿದೆ. ಮನೆ ಬಿಟ್ಟರೆ ಪೇಂಟಿಂಗ್ ಎಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿಯುತ್ತಾರೆ, ಬ್ರೋಕರ್‌ಗೆ ಒಂದು ತಿಂಗಳದ್ದು, ಸಾಮಾನು ಸಾಗಿಸುವ ಗಾಡಿಯ ಖರ್ಚು ಬೇರೆ. ಹತ್ತಿರ ಹತ್ತಿರ 45,000. ಈ ಲೆಕ್ಕ ಮಾಲೀಕರಿಗೂ ಗೊತ್ತಿರುತ್ತದೆ. ನಾವು ಎದ್ದು ಹೋಗಲು ತಗಲುವ ಖರ್ಚಿನ ಧೈರ್ಯದ ಮೇಲೆಯೇ ಅವರು ಏರಿಸುವುದು. ಆದರೂ ಬಿಟ್ಟೆ.

ಕಾನೂನು ಕಾಯುತ್ತದೆ ಎಂಬ ನಂಬಿಕೆಯೊಂದಿತ್ತು, ಅದೂ ಹೋಯಿತು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಈ ಊರಲ್ಲಿ ಈಗ ಆ ದುಡ್ಡಿಗೆ ಒಂದು ಕೋಣೆಯೂ ಸಿಗದು. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆಂದು ಹನ್ನೊಂದು ತಿಂಗಳ ಕರಾರು. ಹೀಗಾಗಿ ಹನ್ನೊಂದು ತಿಂಗಳಿಗೊಮ್ಮೆ ನಾವು ಹೊಸ ಒಕ್ಕಲು. ನಮ್ಮನ್ನು ಕಾಯುವುದು ಆ ಎರಡು ಹಾಳೆಯಲ್ಲಿ ಬರೆದದ್ದು ಮಾತ್ರ.

ಐದನೆಯ ಮನೆ ಹುಡುಕುವಾಗ ನಾನು ಮನೆಗಳನ್ನು ನೋಡುವುದು ಬಿಟ್ಟು ಕಟ್ಟಡಗಳನ್ನು ನೋಡತೊಡಗಿದೆ. ಹನುಮಂತನಗರದ ಒಂದು ಅಡ್ಡರಸ್ತೆಯಲ್ಲಿ ಮೂರು ಮಹಡಿ, ಎಂಟು ಮನೆ, ಲಿಫ್ಟ್ ಇಲ್ಲ. ಮೆಟ್ಟಿಲ ಬುಡದಲ್ಲಿ ಎಂಟು ತಗಡಿನ ಅಂಚೆ ಪೆಟ್ಟಿಗೆ. ಐದರ ಮೇಲೆ ಹೆಸರು ಪೇಂಟಿನಲ್ಲಿ ಬರೆದಿತ್ತು, ಆ ಪೇಂಟೂ ಮಾಸಿ ಎದ್ದು ಬಂದಿತ್ತು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಡ್ರಮ್ಮಿನೊಳಗೆ ಆಳೆತ್ತರದ ಕರಿಬೇವು. ವರ್ಷ ವರ್ಷ ಗಂಟುಮೂಟೆ ಕಟ್ಟುವವರು ಪೇಂಟಿನಲ್ಲಿ ಹೆಸರು ಬರೆಸುವುದಿಲ್ಲ, ಕರಿಬೇವು ಬೆಳೆಸುವುದಿಲ್ಲ. ಮಾಲೀಕರ ಬಾಗಿಲು ತಟ್ಟುವ ಮೊದಲು ಕರಿಬೇವಿನ ಮನೆಯ ಬಾಗಿಲು ತಟ್ಟಿದೆ.

"ಎಷ್ಟು ವರ್ಷ ಆಯ್ತು ಆಂಟಿ, ಇಲ್ಲಿಗೆ ಬಂದು?"

"ಹನ್ನೊಂದು ಕಣಮ್ಮ. ವರ್ಷಕ್ಕೆ ಐದು ಪರ್ಸೆಂಟ್ ಹಾಕ್ತಾರೆ. ಕೊರೊನಾದಲ್ಲಿ ಅದನ್ನೂ ಹಾಕಲಿಲ್ಲ."

ಇಷ್ಟು ಕೇಳಲು ನನಗೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ತೋಚಿರಲಿಲ್ಲ.

ಮಾಲೀಕರು ನೆಲಮಹಡಿಯಲ್ಲೇ ಇರುವ ನಿವೃತ್ತರು. ಕಟ್ಟಡದ ಮೇಲೆ ಸಾಲವಿಲ್ಲ. ಬಾಡಿಗೆ 20,000 ಎಂದರು. ಬೇರೆ ಕಡೆ 18,000ಕ್ಕೆ ಒಂದು ಮನೆ ಇತ್ತು, ಅಲ್ಲಿ ವರ್ಷಕ್ಕೆ ಶೇಕಡಾ 10 ಏರಿಕೆ. ಕಾಗದದ ಮೇಲೆ ಎರಡನ್ನೂ ಬೆಳೆಸಿ ನೋಡಿದೆ: ಮೂರನೇ ವರ್ಷಕ್ಕೆ ಎರಡೂ ಸುಮಾರು 22,000ಕ್ಕೆ ಬಂದು ನಿಲ್ಲುತ್ತವೆ, ನಾಲ್ಕನೇ ವರ್ಷದಿಂದ ಅಗ್ಗದ್ದೇ ದುಬಾರಿ. ಶೇಕಡಾ 5 ಏರಿಕೆಯಿಂದ ಮಾಲೀಕರಿಗೆ ಎರಡನೇ ವರ್ಷ ಹೆಚ್ಚಾಗಿ ಸಿಗುವುದು 12,000. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಹೋಗುವುದು 20,000. ಇದನ್ನು ಅವರಿಗೆ ನಾನು ವಿವರಿಸಬೇಕಾಗಿಯೇ ಬರಲಿಲ್ಲ. ಎಂಟು ಮನೆ ನಡೆಸುವವರಿಗೆ ಹಳೆ ಒಕ್ಕಲಿನ ಬೆಲೆ ಗೊತ್ತಿರುತ್ತದೆ.

ಕರಾರಿನಲ್ಲಿ ಎರಡು ಸಾಲು ಸೇರಿಸಿ ಎಂದು ಕೇಳಿಕೊಂಡೆ. ಏರಿಕೆ ಶೇಕಡಾ 5 ಮೀರಬಾರದು. ಬದಲಾವಣೆ ಇದ್ದರೆ ಮೂರು ತಿಂಗಳು ಮೊದಲೇ ಬರೆದು ತಿಳಿಸಬೇಕು. ಎರಡನೆಯದನ್ನು ನಾನು ಎತ್ತಿಕೊಂಡದ್ದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಿಂದ. ಅದು ಮಾದರಿ ಮಾತ್ರ, ರಾಜ್ಯ ಒಪ್ಪಿದರಷ್ಟೇ ಕಾನೂನು. ಆದರೆ ಅದರ ಮಾತನ್ನು ನಮ್ಮ ಕರಾರಿಗೆ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಮಾಲೀಕರು ಕನ್ನಡಕ ಹಾಕಿ ಎರಡು ಸಲ ಓದಿ ಸಹಿ ಮಾಡಿದರು.

ಒಂದು ವಿಷಯದಲ್ಲಿ ಮಾತ್ರ ಅದೃಷ್ಟ ಕಾಪಾಡಿತು. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರವೆದ್ದು, ಜಿಲ್ಲಾಡಳಿತವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತಲ್ಲ, ಆಗ ನನ್ನ ಹಳೆಯ ಅಪಾರ್ಟ್‌ಮೆಂಟಿನವರು ಬಾಡಿಗೆಯ ಮೇಲೆ ಟ್ಯಾಂಕರ್ ದುಡ್ಡನ್ನೂ ಮೆಂಟೆನೆನ್ಸ್ ಎಂದು ಕಟ್ಟಿದರು. ನಮ್ಮಲ್ಲಿ ಕಾವೇರಿ ಸಂಪರ್ಕವಿತ್ತು, ಸಂಪಿತ್ತು. ವಾರಕ್ಕೆ ಮೂರು ದಿನ ಬಕೆಟ್ ತುಂಬಿಟ್ಟುಕೊಂಡು ಸುಧಾರಿಸಿದೆವು. ಮೆಂಟೆನೆನ್ಸ್ ಏರಿದರೂ ಅದು ಬಾಡಿಗೆ ಏರಿದಂತೆಯೇ. ಮನೆ ಹಿಡಿಯುವಾಗ ನೀರಿನ ವಿಷಯ ಕೇಳಲು ನಾನು ಮರೆತಿದ್ದೆ, ನೀವು ಮರೆಯಬೇಡಿ.

ಇಲ್ಲಿ ಕೊರತೆಗಳಿಲ್ಲವೆಂದಲ್ಲ. ಮಳೆಗಾಲದಲ್ಲಿ ಬಚ್ಚಲ ಗೋಡೆ ಒದ್ದೆಯಾಗುತ್ತದೆ. ಕಾರು ಇಟ್ಟುಕೊಂಡವರಿಗೆ ಜಾಗವಿಲ್ಲ. ಊರಿಂದ ಅಮ್ಮ ಬಂದರೆ ಮಂಡಿನೋವಿನಲ್ಲಿ ಮೂರು ಮಹಡಿ ಹತ್ತುವುದು ಕಂಡು ನನಗೆ ಸಂಕಟವಾಗುತ್ತದೆ, ಇದಕ್ಕೆ ಪರಿಹಾರ ಸಿಕ್ಕಿಲ್ಲ.

ಕಳೆದ ಮಳೆಗಾಲದಲ್ಲಿ ಅಮ್ಮ ಮೂಡುಬಿದಿರೆಯಿಂದ ರಾತ್ರಿ ಬಸ್ಸಿನಲ್ಲಿ ಬರುವಾಗ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡೇ ಬಂದಿದ್ದರು. ಒಳಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಒಳ್ಳೆಮೆಣಸಿನ ಬಳ್ಳಿ, ಮೂರು ಗೆಣ್ಣಿನದು, ತೋಟದ ಅಡಿಕೆ ಮರದಿಂದ ಬಿಡಿಸಿದ್ದು. ಫಸಲು ಕೊಡಲು ಮೂರು ವರ್ಷವಾದರೂ ಬೇಕು ಎಂದರು. ಬಾಲ್ಕನಿಯ ಕಂಬಿಗೆ ತೆಂಗಿನ ನಾರು ಸುತ್ತಿ ಹಬ್ಬಿಸಿದ್ದೇನೆ.